ಸೀನರಿ ಪರದೆಯೋ, ಪ್ರೊಜೆಕ್ಟರೋ? ಕಡಿಮೆ ಖರ್ಚಿನ ನಾಟಕಕ್ಕೆ ಹಿನ್ನೆಲೆ ಆರಿಸುವ ಬಗೆ

ದಾವಣಗೆರೆ, ಹರಿಹರ, ಚಿತ್ರದುರ್ಗದ ಸುತ್ತಿನ ಹವ್ಯಾಸಿ ತಂಡಗಳಲ್ಲಿ ತಾಲೀಮು ಅರ್ಧಕ್ಕೆ ಬರುವ ಹೊತ್ತಿಗೆ ಒಂದು ಚರ್ಚೆ ತಪ್ಪದೆ ಏಳುತ್ತದೆ. ಮಾತು ಬಾಯಿಪಾಠವಾಗಿದೆ, ಹಾಡುಗಳು ಕೂತಿವೆ, ಹಿನ್ನೆಲೆಗೆ ಏನು ಮಾಡುವುದು? ಹಿರಿಯರು ಸೀನರಿ, ಅಂದರೆ ದೃಶ್ಯದ ಚಿತ್ರ ಬರೆದ ಪರದೆ, ಬಾಡಿಗೆಗೆ ತರೋಣ ಎನ್ನುತ್ತಾರೆ. ಹುಡುಗರು ಕಾಲೇಜಿನ ಪ್ರೊಜೆಕ್ಟರ್ ಕೇಳಿ ತಂದರೆ ಕೋಟೆ, ಕಾಡು, ಕಡಲು ಎಲ್ಲವನ್ನೂ ತೋರಿಸಬಹುದು ಎನ್ನುತ್ತಾರೆ. ಆರತಕ್ಷತೆಯೊಂದರಲ್ಲಿ ಎಲ್‌ಇಡಿ ಗೋಡೆ ನೋಡಿ ಬಂದವರು ಅದನ್ನೇ ಹಾಕಿಸೋಣ ಎನ್ನುತ್ತಾರೆ. ಖಜಾಂಚಿ ಮಾತ್ರ ಸುಮ್ಮನೆ ಕೂತಿರುತ್ತಾರೆ.

ರಂಗದ ಬೆಳಕಿನ ಕೆಲಸ ಮಾಡುವ ನನ್ನಲ್ಲಿಗೆ ಈ ಪ್ರಶ್ನೆ ತರುವವರು ಮೊದಲು ಕೇಳುವುದು ಬಾಡಿಗೆ ಎಷ್ಟು ಎಂದು. ನಾನು ಮೊದಲು ಕೇಳುವುದು, ನಿಮ್ಮ ರಂಗ ಎಷ್ಟು ಕತ್ತಲಾಗುತ್ತದೆ ಎಂದು. ಬರೆದ ಪರದೆಗೆ ಬೆಳಕು ಬೇಕು, ಪ್ರೊಜೆಕ್ಟರ್‌ಗೆ ಕತ್ತಲು ಬೇಕು. ಎಷ್ಟು ಬೆಲೆಯ ಯಂತ್ರ ತಂದರೂ ಈ ವ್ಯತ್ಯಾಸ ಅಳಿಯುವುದಿಲ್ಲ. ನಾಟಕ ಆಡುವ ಜಾಗ ಈ ಎರಡರಲ್ಲಿ ಯಾವುದನ್ನು ಕೊಡಬಲ್ಲದು ಎಂಬುದು ತಿಳಿದರೆ ಅರ್ಧ ತೀರ್ಮಾನ ಆದಂತೆಯೇ.

ಮೊದಲು ತಿಳಿದುಕೊಳ್ಳಬೇಕಾದದ್ದು

ಕತ್ತಲಿನ ನಂತರ ನೋಡಬೇಕಾದದ್ದು ಆಳ. ರಂಗದ ಮುಂದಿನ ಅಂಕದ ಪರದೆಯಿಂದ ಹಿಂಗೋಡೆಯವರೆಗೆ ಎಷ್ಟು ಅಡಿ ಇದೆ? ಹಿನ್ನೆಲೆ ಬಟ್ಟೆಯ ಹಿಂದೆ ಎಷ್ಟು ಜಾಗ ಉಳಿಯುತ್ತದೆ? ಮೇಲೆ ಯಂತ್ರ ತೂಗುಹಾಕಲು ಗಟ್ಟಿ ಪೈಪು ಇದೆಯೇ? ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಸಭಾಂಗಣದ ವ್ಯವಸ್ಥಾಪಕರು ಬಾಯಿಮಾತಿನಲ್ಲಿ ಹೇಳುವ ಅಳತೆಯನ್ನು ನಂಬಿ ಬಾಡಿಗೆ ಮಾತನಾಡಬೇಡಿ.

ಮೂರನೆಯದು ದೃಶ್ಯಗಳ ಸಂಖ್ಯೆ. ಒಂದೇ ಮನೆಯ ಪಡಸಾಲೆಯಲ್ಲಿ ನಡೆಯುವ ನಾಟಕಕ್ಕೆ ಪ್ರೊಜೆಕ್ಟರ್ ತರುವುದು ವ್ಯರ್ಥ. ಅಲ್ಲಿ ಒಂದು ಬಾಗಿಲು, ಒಂದು ಕಿಟಕಿ, ಎರಡು ಕುರ್ಚಿ ಸಾಕು. ಹತ್ತು ಹನ್ನೆರಡು ಜಾಗಗಳಿಗೆ ಜಿಗಿಯುವ ಕಥೆಯಿದ್ದರೆ ಲೆಕ್ಕ ಬೇರೆ.

ನಾಲ್ಕನೆಯದು ವಿದ್ಯುತ್ತು. ಊರ ಜಾತ್ರೆಯಲ್ಲಿ ಜನರೇಟರ್ ಮೇಲೆ ನಡೆಯುವ ನಾಟಕಕ್ಕೂ ನಗರದ ಸಭಾಂಗಣದ ನಾಟಕಕ್ಕೂ ಒಂದೇ ಸಲಹೆ ಹೊಂದುವುದಿಲ್ಲ. ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಚಿತ್ರ ಬದಲಿಸುವ ಮನುಷ್ಯ ಯಾರು? ಅವನು ತಾಲೀಮಿಗೆ ಬರುತ್ತಾನೆಯೇ? ಪ್ರದರ್ಶನದ ದಿನ ಸಂಜೆ ಬಂದು ಲ್ಯಾಪ್‌ಟಾಪ್ ಮುಂದೆ ಕೂರುವ ಗೆಳೆಯ ಎಷ್ಟೇ ಜಾಣನಾದರೂ ನಾಟಕದ ಉಸಿರು ಅವನಿಗೆ ಗೊತ್ತಿರುವುದಿಲ್ಲ. ಪಾತ್ರಧಾರಿಗೆ ಎಷ್ಟು ತಾಲೀಮೋ ಅವನಿಗೂ ಅಷ್ಟೇ ತಾಲೀಮು ಬೇಕು.

ಹಣದ ಮಾತು ಇಷ್ಟೆಲ್ಲ ಆದ ಮೇಲೆ. ಇದು ಒಂದೇ ಪ್ರದರ್ಶನವೋ, ಊರೂರು ತಿರುಗುವ ನಾಟಕವೋ ಎಂಬುದರ ಮೇಲೆ ಅದು ನಿಂತಿದೆ.

ಬರೆದ ಪರದೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾರ್ಸಿ ನಾಟಕ ಕಂಪನಿಗಳ ಪ್ರಭಾವದಿಂದ ಬಂದ ಸೀನರಿ ಪರದೆ ನಮ್ಮ ವೃತ್ತಿ ಕಂಪನಿಗಳಲ್ಲಿ ಬೇರೂರಿತು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ರಂಗಸಜ್ಜಿಕೆಯ ವೈಭವಕ್ಕೇ ಹೆಸರಾಯಿತು. ದಾವಣಗೆರೆಯವರಿಗೆ ಇದು ದೂರದ ಇತಿಹಾಸವಲ್ಲ. ಚಿಂದೋಡಿ ಲೀಲಾ ಅವರ ಕುಟುಂಬದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದೇ. ಅರಮನೆ, ಬೀದಿ, ಕಾಡು, ಗುಡಿಸಲು, ದೇವಸ್ಥಾನ ಎಂದು ಕಟ್ಟು ಕಟ್ಟಿ ಬಾಡಿಗೆಗೆ ಕೊಡುವ ಸೀನರಿಯವರು ಇಂದಿಗೂ ನಮ್ಮ ಹಳ್ಳಿ ನಾಟಕಗಳ ಬೆನ್ನೆಲುಬು.

ಬರೆದ ಪರದೆಯ ಮೊದಲ ಗುಣ ನಿಶ್ಚಿಂತೆ. ಕರೆಂಟು ಹೋಗಿ ಬಂದರೂ ಅರಮನೆ ಅಲ್ಲಿಯೇ ಇರುತ್ತದೆ. ಪಾತ್ರಧಾರಿಗಳ ಮುಖಕ್ಕೆ ಎಷ್ಟು ಬೆಳಕು ಹಾಕಿದರೂ ಅದು ಮಾಸುವುದಿಲ್ಲ, ಬದಲಿಗೆ ಬಣ್ಣ ಇನ್ನಷ್ಟು ಎದ್ದು ಕಾಣುತ್ತದೆ. ನಟರು ಪರದೆಗೆ ಬೆನ್ನು ತಾಗಿಸಿ ನಿಂತರೂ ತೊಂದರೆಯಿಲ್ಲ. ಸಾಮಾನ್ಯವಾಗಿ ರಂಗದ ಎರಡು ಬದಿ ಮರೆಮಾಡುವ ಸೈಡ್ ವಿಂಗ್, ಮೇಲಿನ ಝಾಲರಿ ಎಲ್ಲವೂ ಒಂದೇ ಬಾಡಿಗೆಯಲ್ಲಿ ಬರುತ್ತವೆ. ಹಗ್ಗ ಬಿಡುವ ಅನುಭವಿ ಆಳೂ ಜೊತೆಗೆ ಬಂದರೆ ದೃಶ್ಯ ಕಣ್ಣು ಮಿಟುಕಿಸುವುದರಲ್ಲಿ ಬದಲಾಗುತ್ತದೆ.

ಕೊರತೆ ಇರುವುದು ನಿರ್ದಿಷ್ಟತೆಯಲ್ಲಿ. ಚಿತ್ರದುರ್ಗದ ಕಥೆ ಆಡುವವರಿಗೂ ಹಸ್ತಿನಾಪುರದ ಕಥೆ ಆಡುವವರಿಗೂ ಸಿಗುವುದು ಅದೇ ಕಮಾನು, ಅದೇ ಕೆಂಪು ಕಂಬ. ಮದಕರಿ ನಾಯಕನ ಕೋಟೆಯ ಬಂಡೆಗಳನ್ನು ಕಂಡು ಬೆಳೆದ ಪ್ರೇಕ್ಷಕರ ಮುಂದೆ ಅದು ಸ್ವಲ್ಪ ಪೇಲವವೇ. ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿ, ಬಟ್ಟೆ ಬಣ್ಣದ ಖರ್ಚು ಹೊತ್ತು, ನಾಟಕಕ್ಕೆ ತಕ್ಕ ಒಂದೇ ಒಂದು ಪರದೆ ಬರೆಸಿಕೊಳ್ಳುವುದು ಹಲವು ಪ್ರದರ್ಶನಗಳ ಯೋಜನೆ ಇರುವ ತಂಡಕ್ಕೆ ಒಳ್ಳೆಯ ದಾರಿ. ಸುತ್ತಿ ಇಡಲು ಒಣ ಜಾಗ ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ. ಮಳೆಗಾಲದ ತೇವ ತಗುಲಿದ ಪರದೆ ಬೂಸ್ಟು ಹಿಡಿದು ಬಣ್ಣ ಉದುರಿಸುತ್ತದೆ.

ಅಗ್ಗವೆಂದು ಫ್ಲೆಕ್ಸ್ ಮುದ್ರಣಕ್ಕೆ ಹೋಗುವವರಿಗೆ ಎರಡೇ ಮಾತು. ಅದರ ಹೊಳಪು ರಂಗದ ದೀಪಗಳನ್ನು ಪ್ರೇಕ್ಷಕರ ಕಣ್ಣಿಗೇ ತಿರುಗಿಸುತ್ತದೆ. ರಾಜ್ಯ ಸರ್ಕಾರದ 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಕೂಡ ಸೇರಿದೆ. ಬಟ್ಟೆಯ ಮೇಲೆ ಮುದ್ರಿಸಿ ಕೊಡುವವರು ಈಗ ಇದ್ದಾರೆ. ಖರ್ಚು ಹೆಚ್ಚಾದರೂ ಮುದ್ರಣವೇ ಬೇಕೆನ್ನುವವರು ಅದನ್ನು ನೋಡಲಿ.

ಮುಂದಿನಿಂದ ಬೀಳುವ ಚಿತ್ರ

ಪ್ರೊಜೆಕ್ಟರ್ ಎಂದರೆ ಎಲ್ಲರ ಮನಸ್ಸಿಗೆ ಬರುವುದು ಇದೇ: ಪ್ರೇಕ್ಷಕರ ಕಡೆಯಿಂದ ಹಿಂಗೋಡೆಯ ಬಿಳಿ ಬಟ್ಟೆಗೆ ಚಿತ್ರ ಬಿಡುವುದು. ಸಭಾಂಗಣದ ನಡುವೆ ಮೇಜಿನ ಮೇಲೆ ಯಂತ್ರ ಇಟ್ಟು ಪ್ರಯೋಗಿಸಿದವರೆಲ್ಲ ಒಂದು ದೃಶ್ಯ ಕಂಡಿರುತ್ತಾರೆ. ನಾಯಕ ನಡುರಂಗಕ್ಕೆ ಬರುತ್ತಾನೆ. ಅವನ ಬಿಳಿ ಪಂಚೆಯ ಮೇಲೆ ಕೋಟೆಯ ಕಲ್ಲುಗಳು ಮೂಡುತ್ತವೆ, ಕೆನ್ನೆಯ ಮೇಲೆ ಮರದ ಕೊಂಬೆ ಹರಿದಾಡುತ್ತದೆ, ಹಿಂದಿನ ಕೋಟೆಯ ಮೇಲೆ ಅವನದೇ ದೊಡ್ಡ ಕಪ್ಪು ನೆರಳು. ಸಂಭಾಷಣೆ ಎಷ್ಟೇ ಚೆನ್ನಾಗಿದ್ದರೂ ಪ್ರೇಕ್ಷಕರ ಕಣ್ಣು ಆ ಕೆನ್ನೆಯ ಕೊಂಬೆಯ ಮೇಲೆ ಇರುತ್ತದೆ.

ಇದಕ್ಕೆ ಪರಿಹಾರ ಎತ್ತರ. ಒಂದು ಲೆಕ್ಕ ನೋಡಿ. ಚಿತ್ರ 12 ಅಡಿ ಅಗಲ, 9 ಅಡಿ ಎತ್ತರ ಇರಲಿ, ಅದರ ಕೆಳ ಅಂಚು ರಂಗದ ನೆಲದಿಂದ 3 ಅಡಿ ಮೇಲಿರಲಿ. ಸಾಮಾನ್ಯ ಪ್ರೊಜೆಕ್ಟರ್‌ಗೆ ಚಿತ್ರದ ಅಗಲದ ಸುಮಾರು ಒಂದೂವರೆ ಪಟ್ಟು ದೂರ ಬೇಕು, ಅಂದರೆ 18 ಅಡಿ. ಅದನ್ನು ಬಟ್ಟೆಯಿಂದ 18 ಅಡಿ ದೂರದಲ್ಲಿ, ರಂಗದ ಬಾಯಿಯ ಹತ್ತಿರ, 14 ಅಡಿ ಎತ್ತರದ ಪೈಪಿಗೆ ತೂಗುಹಾಕಿ. ಆಗ ಬಟ್ಟೆಯಿಂದ 4 ಅಡಿ ಮುಂದೆ ನಿಂತ ಐದೂವರೆ ಅಡಿ ಎತ್ತರದ ನಟನ ನೆತ್ತಿಯ ಮೇಲಿಂದಲೇ ಬೆಳಕು ದಾಟಿ ಹೋಗುತ್ತದೆ. ಅವನ ನೆರಳು ಚಿತ್ರದ ಕೆಳ ಅಂಚಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಕಿರೀಟ ತೊಟ್ಟು ಆರೂವರೆ ಅಡಿಯಾಗುವ ಪೌರಾಣಿಕ ಪಾತ್ರಕ್ಕೆ 6 ಅಡಿ ಅಂತರ ಬೇಕು. ಚಿತ್ರದ ಕೆಳಗಿನ 3 ಅಡಿ ಖಾಲಿ ಜಾಗವನ್ನು ಒಂದು ಗಿಡ್ಡ ಗೋಡೆ, ಜಗಲಿ ಅಥವಾ ಕಪ್ಪು ಬಟ್ಟೆ ಹೊದಿಸಿದ ಬೆಂಚುಗಳಿಂದ ತುಂಬಿಸಿ. ಆ ಜಗಲಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಛಾಯಾಚಿತ್ರದ ನೆಲ ರಂಗದ ಹಲಗೆಗೆ ಎಂದೂ ಸರಿಯಾಗಿ ಕೂಡುವುದಿಲ್ಲ. ಆ ಸಂದನ್ನು ಜಗಲಿ ಮುಚ್ಚುತ್ತದೆ.

ಮೇಲಿನಿಂದ ಓರೆಯಾಗಿ ಬಿಟ್ಟ ಚಿತ್ರ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ. ಅದನ್ನು ನೇರ ಮಾಡುವ ಕೀಸ್ಟೋನ್ ಸೌಲಭ್ಯ ಹೆಚ್ಚಿನ ಯಂತ್ರಗಳಲ್ಲಿ ಇದೆ. ಆದರೆ ಅದು ಚಿತ್ರದ ಒಂದಷ್ಟು ಬಿಂದುಗಳನ್ನೂ ಬೆಳಕನ್ನೂ ಬಿಟ್ಟುಕೊಟ್ಟೇ ನೇರ ಮಾಡುವುದು. ಮಸೂರವನ್ನೇ ಮೇಲೆ ಕೆಳಗೆ ಸರಿಸುವ ಲೆನ್ಸ್ ಶಿಫ್ಟ್ ಇರುವ ಯಂತ್ರ ಸಿಕ್ಕಿದರೆ ನಷ್ಟವಿಲ್ಲ, ಬಾಡಿಗೆ ಹೆಚ್ಚು.

ಇನ್ನು ಬೆಳಕಿನ ಲೆಕ್ಕ. 12 ಅಡಿಗೆ 9 ಅಡಿ ಎಂದರೆ ಸುಮಾರು 10 ಚದರ ಮೀಟರ್. ಯಂತ್ರದಿಂದ ಹೊರಬರುವ ಬೆಳಕನ್ನು ಅಳೆಯುವುದು ಲ್ಯೂಮೆನ್‌ನಲ್ಲಿ. 3000 ಲ್ಯೂಮೆನ್ ಬೆಳಕು ಅದರ ಮೇಲೆ ಹರಡಿದರೆ ಚದರ ಮೀಟರಿಗೆ 300 ಲ್ಯೂಮೆನ್, ಅಂದರೆ 300 ಲಕ್ಸ್. ಅದೇ ಯಂತ್ರವನ್ನು 24 ಅಡಿಗೆ 18 ಅಡಿಯ ಹಿಂಗೋಡೆಯಷ್ಟು ಹಿಗ್ಗಿಸಿದರೆ ಉಳಿಯುವುದು 75 ಲಕ್ಸ್. ಅಗಲ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ನಟರ ಮುಖ ಕಾಣಲೆಂದು ಹಾಕಿದ ದೀಪಗಳು ಆ ಬಟ್ಟೆಯ ಮೇಲೂ ಚೆಲ್ಲುತ್ತವೆ. ಚೆಲ್ಲಿದ ಬೆಳಕು ಚಿತ್ರದ ಬೆಳಕಿನ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು ಎಂಬುದು ನಾನು ಪಾಲಿಸುವ ಅಂದಾಜು. ಮೀರಿದರೆ ಕಪ್ಪಾಗಿರಬೇಕಾದ ಜಾಗವೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಪ್ರೊಜೆಕ್ಟರ್ ಬಿಳಿಯನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಚಿತ್ರದ ಅತ್ಯಂತ ಕಪ್ಪು ಭಾಗ ನಿಮ್ಮ ಬಟ್ಟೆ ಆ ಹೊತ್ತಿಗೆ ಎಷ್ಟು ಕಪ್ಪಾಗಿ ಕಾಣುತ್ತದೋ ಅಷ್ಟೇ.

ಆದ್ದರಿಂದ ಹಿಂಗೋಡೆ ತುಂಬ ಚಿತ್ರ ಬೇಕೆಂಬ ಆಸೆ ಬಿಡಿ. ಚಿಕ್ಕದಾಗಿ, ಗಾಢವಾಗಿ ಬೀಳುವ ಚಿತ್ರ ದೊಡ್ಡದಾಗಿ ಬಿಳಿಚಿಕೊಂಡ ಚಿತ್ರಕ್ಕಿಂತ ಯಾವಾಗಲೂ ಮೇಲು. ಸುತ್ತಲಿನ ಜಾಗಕ್ಕೆ ಕಪ್ಪು ಬಟ್ಟೆ ಇಳಿಬಿಡಿ. ಎದುರಿನಿಂದ ನೇರವಾಗಿ ಬೀಳುವ ದೀಪಗಳನ್ನು ಕಡಿಮೆ ಮಾಡಿ ವಿಂಗುಗಳ ಕಡೆಯಿಂದ, ಭುಜದ ಎತ್ತರದಿಂದ ಬೆಳಕು ಕೊಡಿ. ಅದು ನಟರನ್ನು ಬೆಳಗಿ ಎದುರು ವಿಂಗಿಗೆ ಹೋಗುತ್ತದೆ, ಹಿಂದಿನ ಬಟ್ಟೆಗೆ ಹೋಗುವುದಿಲ್ಲ. ಎದುರು ದೀಪ ಬೇಕೇ ಬೇಕೆಂದರೆ ಎತ್ತರದಿಂದ ಕಡಿದಾಗಿ ಇಳಿಯಲಿ, ಆಗ ಅದರ ಚೆಲ್ಲು ನೆಲಕ್ಕೆ ಬೀಳುತ್ತದೆ. ಅಚ್ಚ ಬಿಳಿ ಬಟ್ಟೆಗಿಂತ ತಿಳಿ ಬೂದು ಬಟ್ಟೆ ಕಪ್ಪನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಅದಕ್ಕೆ ಯಂತ್ರದ ಬೆಳಕು ಹೆಚ್ಚು ಬೇಕು.

ಯಂತ್ರ ಆರಿಸುವಾಗ ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಪುಟ್ಟ ಎಲ್‌ಇಡಿ ಪ್ರೊಜೆಕ್ಟರ್‌ಗಳಲ್ಲಿ ಬರೆದಿರುವ ಲ್ಯೂಮೆನ್‌ಗೂ ನಿಜವಾಗಿ ಹೊರಬರುವ ಬೆಳಕಿಗೂ ತುಂಬ ಅಂತರ ಇರಬಹುದು. ಆನ್ಸಿ ಅಥವಾ ಐಎಸ್‌ಒ ಲ್ಯೂಮೆನ್ (ಮಾನಕ ವಿಧಾನದಲ್ಲಿ ಅಳೆದದ್ದು) ಎಂದು ಸ್ಪಷ್ಟವಾಗಿ ನಮೂದಿಸಿದ್ದರೆ ಮಾತ್ರ ನಂಬಿ. ಹಾಗೆಯೇ, ‘1080ಪಿ ಬೆಂಬಲಿಸುತ್ತದೆ’ ಎಂಬುದಕ್ಕೂ ಯಂತ್ರದೊಳಗೆ ಅಷ್ಟು ಬಿಂದುಗಳಿವೆ ಎಂಬುದಕ್ಕೂ ವ್ಯತ್ಯಾಸ ಇದೆ. ರಂಗದ ಹಿನ್ನೆಲೆಗೆ ನಿಜವಾದ 1024 ಗುಣಿಸು 768 ಬಿಂದುಗಳ ಹಳೆಯ ತರಗತಿ ಪ್ರೊಜೆಕ್ಟರ್ ಧಾರಾಳವಾಗಿ ಸಾಕು. ಪ್ರೇಕ್ಷಕರು ಅಷ್ಟು ಹತ್ತಿರದಿಂದ ನೋಡುವುದಿಲ್ಲ. ಬೆಳಕು ಎಷ್ಟಿದೆ ಎಂಬುದೇ ಮುಖ್ಯ.

ಹಿಂದಿನಿಂದ ಬೀಳುವ ಚಿತ್ರ

ಬಟ್ಟೆಯ ಹಿಂದೆ ಯಂತ್ರ ಇಟ್ಟು, ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬಿಡುವುದು ಇನ್ನೊಂದು ವಿಧಾನ. ತಿರುಗಿಸುವ ಆಯ್ಕೆ ಬಹುತೇಕ ಎಲ್ಲ ಪ್ರೊಜೆಕ್ಟರ್‌ಗಳ ಮೆನುವಿನಲ್ಲಿ ಇರುತ್ತದೆ. ಇದು ತೊಗಲುಗೊಂಬೆಯವರ ದಾರಿ. ಬೆಳಕು ಹಿಂದೆ, ಬಟ್ಟೆ ನಡುವೆ, ಜನ ಮುಂದೆ. ನಟರು ಬಟ್ಟೆಯ ಪಕ್ಕಕ್ಕೇ ಹೋಗಿ ನಿಲ್ಲಬಹುದು, ನೆರಳಿನ ಭಯವಿಲ್ಲ. ಫ್ಯಾನಿನ ಸದ್ದು ಪ್ರೇಕ್ಷಕರಿಗೆ ಅಷ್ಟಾಗಿ ಕೇಳುವುದಿಲ್ಲ. ನನ್ನ ಮನಸ್ಸು ಒಲಿಯುವುದು ಇದಕ್ಕೇ. ಜಾಗ ಇರುವ ಕಡೆ ಇದನ್ನು ಬಿಟ್ಟು ಬೇರೆಯದನ್ನು ನಾನು ಹೇಳುವುದಿಲ್ಲ.

ಆದರೆ ಆ ಜಾಗವೇ ದುಬಾರಿ. ಸಾಮಾನ್ಯ ಪ್ರೊಜೆಕ್ಟರ್ ಆದರೆ ಬಟ್ಟೆಯ ಹಿಂದೆ 18 ಅಡಿ ಬೇಕು. ನಮ್ಮ ಜಿಲ್ಲೆಗಳ ಸಮುದಾಯ ಭವನಗಳ ವೇದಿಕೆ ಮದುವೆ ಮತ್ತು ಸಭೆಗಳಿಗೆಂದು ಕಟ್ಟಿದ್ದು, ಅಷ್ಟು ಆಳವನ್ನು ಅಲ್ಲಿ ನಿರೀಕ್ಷಿಸಬೇಡಿ. ಶಾರ್ಟ್ ಥ್ರೋ ಎನ್ನುವ, ಅಗಲದ ಅರ್ಧದಷ್ಟೇ ದೂರ ಬೇಡುವ ಯಂತ್ರ ಸಿಕ್ಕಿದರೆ 6 ಅಡಿಯಲ್ಲಿ ಮುಗಿಯುತ್ತದೆ. ಸ್ಮಾರ್ಟ್ ತರಗತಿ ಇರುವ ಶಾಲೆಗಳಲ್ಲಿ ಇಂಥವು ಇರಬಹುದು. ಮುಖ್ಯೋಪಾಧ್ಯಾಯರನ್ನು ಗೌರವದಿಂದ ಕೇಳಿ, ಜವಾಬ್ದಾರಿಯ ಪತ್ರ ಬರೆದುಕೊಟ್ಟು ತನ್ನಿ.

ಬಟ್ಟೆಯ ಆಯ್ಕೆ ಇಲ್ಲಿ ನಿರ್ಣಾಯಕ. ತೆಳು ಪಂಚೆ ಬಟ್ಟೆ ಕಟ್ಟಿದರೆ ಯಂತ್ರದ ಮಸೂರವೇ ನಡುವೆ ಹೊಳೆಯುವ ಚುಕ್ಕಿಯಾಗಿ ಕಣ್ಣಿಗೆ ಚುಚ್ಚುತ್ತದೆ. ತೀರ ದಪ್ಪ ಬಟ್ಟೆ ಬೆಳಕನ್ನೇ ನುಂಗುತ್ತದೆ. ಒತ್ತಾಗಿ ನೇಯ್ದ ಬಿಳಿ ಹತ್ತಿ ಬಟ್ಟೆ, ಹಿಗ್ಗುವ ಲೈಕ್ರಾ, ಹಾಲುಬಿಳುಪಿನ ಪ್ಲಾಸ್ಟಿಕ್ ಹಾಳೆ, ಈ ಮೂರರ ಒಂದೊಂದು ಮೀಟರ್ ತುಂಡನ್ನು ತಂದು ರಾತ್ರಿ ಹೊತ್ತು ಯಂತ್ರದ ಮುಂದೆ ಹಿಡಿದು ನೋಡಿ. ಲೈಕ್ರಾ ಸುಕ್ಕಿಲ್ಲದೆ ಎಳೆದು ಕಟ್ಟಲು ಸುಲಭ. ಪ್ಲಾಸ್ಟಿಕ್ ಹಾಳೆ ಎದುರು ದೀಪಕ್ಕೆ ಹೊಳೆಯುತ್ತದೆ. ಯಂತ್ರವನ್ನು ಪ್ರೇಕ್ಷಕರ ಕಣ್ಣಿನ ನೇರಕ್ಕೆ ಇಡದೆ ನೆಲದಲ್ಲೋ ತೀರ ಎತ್ತರದಲ್ಲೋ ಇಟ್ಟರೆ ಆ ಹೊಳೆಯುವ ಚುಕ್ಕಿ ಬಹಳ ಮಟ್ಟಿಗೆ ತಪ್ಪುತ್ತದೆ.

ಹಿಂಭಾಗ ಕತ್ತಲಾಗಿರಬೇಕು ಎಂಬುದನ್ನು ತಂಡದ ಎಲ್ಲರಿಗೂ ಹೇಳಿಡಿ. ಬಣ್ಣದ ಮನೆಯ ಬಾಗಿಲು ತೆರೆದರೆ ಅಲ್ಲಿನ ಬಲ್ಬಿನ ಬೆಳಕು ಬಟ್ಟೆಗೆ ಬಂದು ಬೀಳುತ್ತದೆ. ಆ ಬದಿಯಿಂದ ಈ ಬದಿಗೆ ಹೋಗಬೇಕಾದ ನಟ ಯಂತ್ರದ ಮುಂದೆ ಹಾದರೆ ಪ್ರೇಕ್ಷಕರಿಗೆ ಕೋಟೆಯೊಳಗೆ ದೈತ್ಯ ನಡೆದಂತೆ ಕಾಣುತ್ತದೆ. ಒಂದು ಹಗ್ಗ ಕಟ್ಟಿ, ದಾಟಬಾರದ ಗೆರೆ ಎಳೆದು, ಯಂತ್ರದ ಹಿಂದಿನಿಂದ ದಾರಿ ಬಿಡಿ. ಮುಂದಿನ ದೀಪಗಳ ಚೆಲ್ಲು ಇಲ್ಲಿಯೂ ಶತ್ರುವೇ. ಹಿಂದಿನಿಂದ ಬಿಟ್ಟ ಮಾತ್ರಕ್ಕೆ ಅದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ.

ಯಂತ್ರವಿಲ್ಲದ ನೆರಳು

ಇಪ್ಪತ್ತು ಸಾವಿರ ಕೇಳುವ ಸಲಕರಣೆಗೆ ಕೈ ಹಾಕುವ ಮೊದಲು ಒಂದು ಬಿಳಿ ಬಟ್ಟೆ, ಒಂದು ಪ್ರಖರ ದೀಪ, ಕತ್ತರಿಸಿದ ರಟ್ಟು ಇಷ್ಟರಲ್ಲಿ ಏನಾಗುತ್ತದೆ ಎಂದು ನೋಡಿ. ಒಂದೇ ಬಿಂದುವಿನಿಂದ ಬೆಳಕು ಬರುವ, ಮುಂದೆ ಮಸೂರವಿಲ್ಲದ ದೀಪ ಚೂಪಾದ ನೆರಳು ಕೊಡುತ್ತದೆ. ಉದ್ದನೆಯ ಟ್ಯೂಬ್‌ಲೈಟಿನ ನೆರಳು ಮಸುಕು. ರಟ್ಟಿನ ಕೋಟೆಯ ತೆನೆಗಳನ್ನು ದೀಪಕ್ಕೆ ಹತ್ತಿರ ತಂದರೆ ದೊಡ್ಡದಾಗುತ್ತವೆ, ದೂರ ಸರಿಸಿದರೆ ಚಿಕ್ಕದಾಗುತ್ತವೆ. ಯುದ್ಧದ ದೃಶ್ಯಕ್ಕೆ ಹತ್ತು ಸೈನಿಕರನ್ನು ಹುಡುಕುವ ಬದಲು ನಾಲ್ಕು ಮಕ್ಕಳು ಬಟ್ಟೆಯ ಹಿಂದೆ ಕೋಲು ಹಿಡಿದು ಓಡಿದರೆ ಸೇನೆಯೇ ಕಾಣುತ್ತದೆ. ಕಾಲೇಜುಗಳ ಉಗ್ರಾಣದಲ್ಲಿ ಧೂಳು ಹಿಡಿದು ಕೂತಿರುವ ಹಳೆಯ ಓವರ್‌ಹೆಡ್ ಪ್ರೊಜೆಕ್ಟರ್ ಸಿಕ್ಕಿದರೆ ಬಿಡಲೇಬೇಡಿ. ಅದರ ಗಾಜಿನ ಮೇಲೆ ಬಣ್ಣದ ನೀರು, ಎಲೆ, ಮರಳು, ಕಸೂತಿ ಬಟ್ಟೆ ಏನನ್ನಿಟ್ಟರೂ ಚಿತ್ರವಾಗುತ್ತದೆ. ಅದನ್ನು ಕೈಯಿಂದ ಆಡಿಸುವ ಮನುಷ್ಯ ನಟರ ಉಸಿರಿಗೆ ಸ್ಪಂದಿಸಬಲ್ಲ. ಶಾಲಾ ಮಕ್ಕಳ ನಾಟಕಕ್ಕೆ ನಾನು ಮೊದಲು ಸೂಚಿಸುವುದು ಇದನ್ನೇ.

ಎಲ್‌ಇಡಿ ಗೋಡೆ

ಇದಕ್ಕೆ ಕತ್ತಲು ಬೇಡ, ಹಿಂದೆ ಆಳ ಬೇಡ, ನೆರಳಿನ ತೊಂದರೆ ಇಲ್ಲ. ಆದರೂ ನಾಟಕಕ್ಕೆ ನನಗೆ ಇಷ್ಟವಾಗದ ಆಯ್ಕೆ. ಹಬ್ಬದ ವೇದಿಕೆಗೆಂದು ಮಾಡಿದ ಆ ಬೆಳಕಿನ ಮುಂದೆ ನಟನ ಮುಖ ಕಪ್ಪಾಗುತ್ತದೆ, ಮುಖ ಕಾಣಿಸಲು ದೀಪ ಹೆಚ್ಚಿಸಿದರೆ ರಂಗವೇ ಟಿವಿ ಸ್ಟುಡಿಯೋ ಆಗುತ್ತದೆ. ಬಾಡಿಗೆ ಚದರ ಅಡಿ ಲೆಕ್ಕ, ಸಾಗಾಟ ಬೇರೆ, ಕೂಡಿಸುವ ಕೆಲಸಗಾರರು ಬೇರೆ. ಊರ ಉತ್ಸವದವರು ಸನ್ಮಾನ ಸಮಾರಂಭಕ್ಕೆಂದು ಹೇಗೂ ಗೋಡೆ ಹಾಕಿಸಿದ್ದು, ನಿಮ್ಮ ನಾಟಕ ಅದರ ಮುಂದೆಯೇ ನಡೆಯಬೇಕಾದರೆ, ಬೆಳಕನ್ನು ಹತ್ತರಿಂದ ಹದಿನೈದು ಶೇಕಡಕ್ಕೆ ಇಳಿಸಲು ಹೇಳಿ, ಗಾಢ ಬಣ್ಣದ, ಚಲನೆಯಿಲ್ಲದ ಚಿತ್ರ ಹಾಕಿಸಿ. ದುಡ್ಡು ಕೊಟ್ಟು ತರಿಸಬೇಡಿ.

ಬಯಲು ರಂಗ ಮತ್ತು ಜಾತ್ರೆ

ಬೆಟ್ಟದ ಮೇಲೆಲ್ಲ ಗಾಳಿಯಂತ್ರಗಳು ತಿರುಗುವ ಚಿತ್ರದುರ್ಗದಲ್ಲಿ ಬಯಲಲ್ಲಿ ಕಟ್ಟಿದ ಬಿಳಿ ಬಟ್ಟೆ ಹಾಯಿಯಂತೆ ಉಬ್ಬುತ್ತದೆ, ಚಿತ್ರ ಅಲೆ ಅಲೆಯಾಗಿ ಒಡೆಯುತ್ತದೆ. ಜಾತ್ರೆಯ ಸೀರಿಯಲ್ ಬಲ್ಬು, ಅಂಗಡಿ ದೀಪ, ಬೀದಿದೀಪ ಯಾವುದನ್ನೂ ನಾಟಕಕ್ಕಾಗಿ ಆರಿಸುವುದಿಲ್ಲ. ಜನರೇಟರ್ ಕೈಕೊಟ್ಟರೆ ಹಳೆಯ ದೀಪದ ಪ್ರೊಜೆಕ್ಟರ್ ಬಿಸಿ ತಣಿಯುವವರೆಗೆ ಮತ್ತೆ ಹೊತ್ತುವುದಿಲ್ಲ. ಆ ಕೆಲವು ನಿಮಿಷ ಹಳ್ಳಿಯ ಪ್ರೇಕ್ಷಕರ ಮುಂದೆ ಬಹಳ ದೀರ್ಘ. ಫ್ಯಾನು ಹಠಾತ್ತಾಗಿ ನಿಲ್ಲುವುದರಿಂದ ದೀಪದ ಆಯಸ್ಸೂ ಕುಗ್ಗುತ್ತದೆ. ಜಾತ್ರೆಯ ರಾತ್ರಿ ನಾಟಕಕ್ಕೆ ಬರೆದ ಪರದೆಯೇ ಸರಿ, ಎರಡನೆಯ ಮಾತಿಲ್ಲ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಡಿನ ಊರೂರಿಗೆ ನಾಟಕ ಒಯ್ಯುತ್ತಿದೆ. ತಿರುಗುವ ನಾಟಕ ಹೇಗಿರಬೇಕು ಎಂಬುದನ್ನು ನಮ್ಮ ಭಾಗದವರು ಅಲ್ಲಿ ನೋಡಿ ಕಲಿಯಬಹುದು. ಪ್ರತಿದಿನ ಬೇರೆ ಊರು, ಬೇರೆ ವೇದಿಕೆ ಎಂದಾದರೆ ಪ್ರತಿದಿನ ಹೊಸದಾಗಿ ಯಂತ್ರದ ದೂರ ಹೊಂದಿಸುತ್ತ ಕೂರಲು ಆಗುವುದಿಲ್ಲ. ಕಪ್ಪು ಅಥವಾ ಕಡುನೀಲಿ ಹಿನ್ನೆಲೆ, ಎರಡು ಮೂರು ಹಗುರ ವಸ್ತುಗಳು, ಒಳ್ಳೆಯ ಬೆಳಕು ಇಷ್ಟನ್ನೇ ನಂಬಿದ ತಂಡ ಹೆಚ್ಚು ಊರು ತಿರುಗುತ್ತದೆ.

ಚಿತ್ರ ಸಿದ್ಧಪಡಿಸುವುದು

ಪ್ರೊಜೆಕ್ಟರೇ ಸರಿ ಎಂದು ತೀರ್ಮಾನಿಸಿದವರು ಯಂತ್ರಕ್ಕಿಂತ ಹೆಚ್ಚು ಸಮಯವನ್ನು ಚಿತ್ರಕ್ಕೆ ಕೊಡಬೇಕು. ಅಂತರ್ಜಾಲದಿಂದ ಇಳಿಸಿಕೊಂಡ ಹೊಳೆಯುವ ಛಾಯಾಚಿತ್ರವನ್ನು ಹಾಗೆಯೇ ಹಾಕಿದರೆ ನಟರ ಹಿಂದೆ ಕ್ಯಾಲೆಂಡರ್ ತೂಗುಹಾಕಿದಂತೆ ಕಾಣುತ್ತದೆ. ಕಾರಣ ಅದರ ನಾಲ್ಕು ನೇರ ಅಂಚುಗಳು. ಚಿತ್ರದ ಅಂಚುಗಳನ್ನು ಕ್ರಮೇಣ ಅಚ್ಚ ಕಪ್ಪಿಗೆ ಕರಗಿಸಿ. ಕಪ್ಪು ಬಟ್ಟೆಯ ನಡುವೆ ಚೌಕಟ್ಟು ಮಾಯವಾಗಿ ಬಂಡೆಯ ಆಕಾರ ಮಾತ್ರ ಉಳಿಯುತ್ತದೆ. ಬಣ್ಣದ ಗಾಢತೆಯನ್ನು ಒಂದಿಷ್ಟು ಇಳಿಸಿ, ನಟರ ಉಡುಪಿನ ಬಣ್ಣ ಹಿನ್ನೆಲೆಯನ್ನು ಗೆಲ್ಲಬೇಕು. ಇದನ್ನೆಲ್ಲ ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಮಾಡಬಹುದು.

ಚಿತ್ರದುರ್ಗದವರಿಗೆ ಚಿತ್ರಗಳು ಮನೆ ಬಾಗಿಲಲ್ಲಿಯೇ ಇವೆ. ನಡುಮಧ್ಯಾಹ್ನ ತೆಗೆದ ಕೋಟೆಯ ಚಿತ್ರ ಪರದೆಯ ಮೇಲೆ ಬಿಳಿಚಿಕೊಳ್ಳುತ್ತದೆ, ಸಂಜೆಯ ಓರೆ ಬಿಸಿಲಿನಲ್ಲಿ ಬಂಡೆಯ ಒಂದು ಮೈ ಬೆಳಗಿ ಇನ್ನೊಂದು ಮೈ ಕಪ್ಪಾದಾಗ ತೆಗೆದದ್ದು ಎದ್ದು ನಿಲ್ಲುತ್ತದೆ. ಬೇರೆಯವರ ಚಿತ್ರ ಬಳಸುವ ಹಕ್ಕಿನ ಗೊಂದಲವೂ ಆಗ ಇರುವುದಿಲ್ಲ. ಅಳತೆಯ ಬಗ್ಗೆ ಮಾತ್ರ ಎಚ್ಚರ. ಓಬವ್ವನ ಕಥೆ ಆಡುವವರು ಕಿಂಡಿಯ ಛಾಯಾಚಿತ್ರವನ್ನೇ ಒಂಬತ್ತು ಅಡಿ ಎತ್ತರಕ್ಕೆ ಹಿಗ್ಗಿಸಲು ಹೊರಡುತ್ತಾರೆ. ಒಬ್ಬೊಬ್ಬನೇ ನುಸುಳಿ ಬರಬೇಕಾದ ಸಂದು ಆಗ ಅರಮನೆಯ ಬಾಗಿಲಿನಷ್ಟಾಗುತ್ತದೆ, ಓಬವ್ವ ಅಲ್ಲಿ ಒನಕೆ ಹಿಡಿದು ನಿಂತದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಕಿಂಡಿಯನ್ನು ಪ್ಲೈವುಡ್ಡಿನಲ್ಲಿ ನಿಜವಾದ ಅಳತೆಗೆ ಮಾಡಿ ರಂಗದ ಮೇಲಿಡಿ. ನಟ ಮೈ ಮುದುಡಿಕೊಂಡು ಅದರೊಳಗಿಂದ ಬರಲಿ. ಪ್ರೊಜೆಕ್ಟರ್ ಅದರ ಮೇಲೆ ಕವಿದ ಬಂಡೆಗಳನ್ನೂ ಸಂಜೆಯ ಆಕಾಶವನ್ನೂ ತೋರಿಸಿದರೆ ಸಾಕು. ನಟನ ಕೈ ಮುಟ್ಟುವ ವಸ್ತು ರಂಗದ ಮೇಲೆ ನಿಜವಾಗಿ ಇರಬೇಕು, ಮುಟ್ಟಲಾಗದ ದೂರವನ್ನು ಬೆಳಕಿಗೆ ಬಿಡಬಹುದು.

ಚಲಿಸುವ ಚಿತ್ರಗಳ ಆಸೆ ಸಹಜ. ಮೋಡ ನಿಧಾನವಾಗಿ ಸರಿಯುವುದು, ದೂರದ ದೀಪ ಮಿನುಗುವುದು ಇಷ್ಟು ಇರಲಿ. ಹಾರುವ ಹಕ್ಕಿ, ಓಡುವ ಕುದುರೆ ಬಂದ ಕ್ಷಣ ಪ್ರೇಕ್ಷಕರು ನಟರನ್ನು ಬಿಟ್ಟು ಅದನ್ನು ನೋಡುತ್ತಾರೆ.

ಓಡಿಸಲು ಪವರ್‌ಪಾಯಿಂಟ್ ಅಥವಾ ಲಿಬ್ರೆ ಆಫೀಸ್ ಇಂಪ್ರೆಸ್ ಸಾಕು. ಪ್ರತಿ ಎರಡು ದೃಶ್ಯಗಳ ನಡುವೆ ಒಂದು ಅಚ್ಚ ಕಪ್ಪು ಪುಟ ಇಡಿ. ಆದರೂ ಪ್ರೊಜೆಕ್ಟರ್‌ನ ಕಪ್ಪು ಪೂರ್ತಿ ಕಪ್ಪಲ್ಲ, ಕತ್ತಲಲ್ಲಿ ಒಂದು ಮಬ್ಬು ಚೌಕ ಉಳಿಯುತ್ತದೆ. ಅದನ್ನು ಮುಚ್ಚಲು ಮಸೂರದ ಮುಂದೆ ಇಳಿಬಿಡುವಂತೆ ಒಂದು ರಟ್ಟಿನ ತುಂಡನ್ನು ದಾರಕ್ಕೆ ಕಟ್ಟಿ. ಲ್ಯಾಪ್‌ಟಾಪಿನ ಅಂತರ್ಜಾಲ, ಸೂಚನೆಗಳು, ನಿದ್ರೆಗೆ ಜಾರುವ ವ್ಯವಸ್ಥೆ ಎಲ್ಲವನ್ನೂ ಮೊದಲೇ ನಿಲ್ಲಿಸಿ. ಎಚ್‌ಡಿಎಂಐ ತಂತಿ ಹತ್ತು ಹದಿನೈದು ಮೀಟರ್ ದಾಟಿದರೆ ಚಿತ್ರ ಮಿನುಗಲು ಶುರುವಾಗಬಹುದು. ಅದಕ್ಕಿಂತ ದೂರಕ್ಕೆ ನೆಟ್‌ವರ್ಕ್ ತಂತಿಯ ಮೇಲೆ ಓಡುವ ಎಕ್ಸ್‌ಟೆಂಡರ್ ಬಾಡಿಗೆಗೆ ಕೇಳಿ. ಯಂತ್ರ ಮತ್ತು ಲ್ಯಾಪ್‌ಟಾಪ್ ಎರಡೂ ಯುಪಿಎಸ್ ಮೇಲೆ ಇರಲಿ.

ಕೊಳ್ಳುವುದೋ, ಬಾಡಿಗೆಯೋ

ವರ್ಷಕ್ಕೆ ಒಂದೆರಡು ನಾಟಕ ಆಡುವವರು ಕೊಳ್ಳಬೇಡಿ. ಅದೇ ಹಣದಲ್ಲಿ ನಾಲ್ಕು ಎಲ್‌ಇಡಿ ಪಾರ್ ಎಂಬ ರಂಗದೀಪ ಮತ್ತು ಕಪ್ಪು ಬಟ್ಟೆಯ ಒಂದು ಪೂರ್ತಿ ಸೆಟ್ ಕೊಂಡರೆ ಪರದೆಯ ನಾಟಕಕ್ಕೂ ಪ್ರೊಜೆಕ್ಟರ್ ನಾಟಕಕ್ಕೂ ಬರುತ್ತದೆ. ಕಪ್ಪು ಬಟ್ಟೆಗೆ ಹಾಕಿದ ಹಣ ಎಂದೂ ನಷ್ಟವಲ್ಲ. ಕಾಲೇಜಿನ ರಂಗತಂಡ ಅಥವಾ ತಿಂಗಳಿಗೊಂದು ಪ್ರಯೋಗ ಮಾಡುವವರಿಗೆ ಕೊಳ್ಳುವ ಯೋಚನೆ ಸರಿ. ಹಳೆಯ ದೀಪದ ಯಂತ್ರ ಅಗ್ಗ, ದೀಪದ ಬಾಳಿಕೆ ಸುಮಾರು 4000ರಿಂದ 5000 ಗಂಟೆ, ಹೊಸ ದೀಪ ಮಾತ್ರ ದುಬಾರಿ. ಲೇಸರ್ ಯಂತ್ರಕ್ಕೆ ಮೊದಲ ಖರ್ಚು ಹೆಚ್ಚು, ಬಾಳಿಕೆ ಸುಮಾರು 20,000 ಗಂಟೆ, ಕರೆಂಟು ಹೋಗಿ ಬಂದರೆ ಬೇಗ ಚೇತರಿಸಿಕೊಳ್ಳುತ್ತದೆ. ಬಳಸಿದ ಯಂತ್ರ ಕೊಳ್ಳುವಾಗ ಮೆನುವಿನಲ್ಲಿ ದೀಪ ಎಷ್ಟು ಗಂಟೆ ಉರಿದಿದೆ ಎಂಬ ಲೆಕ್ಕ ತೆರೆದು ನೋಡಿ, ಬಿಳಿ ಗೋಡೆಗೆ ಖಾಲಿ ಬೆಳಕು ಬಿಟ್ಟು ಕಲೆ, ಹಳದಿ ಮಚ್ಚೆ ಇದೆಯೇ ಎಂದು ಪರೀಕ್ಷಿಸಿ.

ಯಾವುದಕ್ಕೂ ಮುಂಗಡ ಕೊಡುವ ಮೊದಲು ಒಂದು ಸಂಜೆ ಆಡುವ ಜಾಗದಲ್ಲಿಯೇ ಕಳೆಯಿರಿ. ಎರವಲು ತಂದ ಪ್ರೊಜೆಕ್ಟರ್, ಮನೆಯ ಎರಡು ಬಿಳಿ ಹೊದಿಕೆ, ನಾಟಕದ ಒಂದು ಚಿತ್ರ, ಉಡುಪು ತೊಟ್ಟ ಒಬ್ಬ ನಟ ಸಾಕು. ಸಭಾಂಗಣದ ದೀಪಗಳನ್ನೆಲ್ಲ ಆರಿಸಿ, ಚಿತ್ರ ಬಿಡಿ. ಆಮೇಲೆ ಪ್ರದರ್ಶನದ ದಿನ ಬೇಕಾಗುವ ಒಂದೊಂದೇ ದೀಪವನ್ನು ಹೊತ್ತಿಸುತ್ತ ಬನ್ನಿ. ತಂಡದ ಒಬ್ಬರು ಕೊನೆಯ ಸಾಲಿನಲ್ಲಿ ಕೂತು ನೋಡಲಿ. ಮೊಬೈಲಿನ ಲಕ್ಸ್ ಅಳೆಯುವ ಆ್ಯಪ್ ನಿಖರವಲ್ಲ, ಆದರೆ ಬಟ್ಟೆಯ ಹತ್ತಿರ ಚಿತ್ರದ ಬೆಳಕನ್ನೂ ದೀಪಗಳ ಚೆಲ್ಲನ್ನೂ ಹೋಲಿಸಿ ನೋಡಲು ಅದೇ ಸಾಕು. ಕೊನೆಯ ಸಾಲಿನವರಿಗೆ ನಟನ ಕಣ್ಣು ಕಾಣುವಷ್ಟು ದೀಪ ಹೊತ್ತಿದ ಮೇಲೂ ಹಿಂದಿನ ಬಂಡೆಗಳು ಬಂಡೆಗಳಾಗಿಯೇ ಉಳಿದರೆ ಪ್ರೊಜೆಕ್ಟರ್ ಕಾದಿರಿಸಿ. ಉಳಿಯದಿದ್ದರೆ ಮರುದಿನ ಬೆಳಗ್ಗೆಯೇ ಸೀನರಿಯವರಿಗೆ ಫೋನ್ ಮಾಡಿ, ಏಕೆಂದರೆ ಹಬ್ಬದ ತಿಂಗಳುಗಳಲ್ಲಿ ಒಳ್ಳೆಯ ಪರದೆಗಳು ಬೇಗ ಮುಗಿಯುತ್ತವೆ.